ಇಪ್ಪತ್ತಕ್ಕೆ ಹತ್ತೊಂಬತ್ತು

ಗುರುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಹೃದ್ರೋಗ ವಾರ್ಡಿನ ಆರನೇ ಹಾಸಿಗೆಯ ರೋಗಿ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಪಡೆದರು. ಆ ವಾರ ಅದೇ ವಾರ್ಡಿನಲ್ಲಿ ಹತ್ತೊಂಬತ್ತು ಪಡೆದವರಲ್ಲಿ ಅವರು ಐದನೆಯವರು.

ಪರೀಕ್ಷೆ ಶುರುವಾಗಿ ಎರಡು ತಿಂಗಳಾಗಿತ್ತು. ಅದಕ್ಕೆ ಮೊದಲು, ಗುಣವಾಗಿ ಮನೆಗೆ ಹೋದವರಲ್ಲಿ ಹಲವರು ತಿಂಗಳೊಳಗೆ ಎದೆ ಹಿಡಿದುಕೊಂಡು ವಾಪಸು ಬರುತ್ತಿದ್ದರು. ಒಬ್ಬರು ‘ಈಗ ಆರಾಮಿದೆಯಲ್ಲ’ ಎಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನಿಲ್ಲಿಸಿದ್ದರು. ಇನ್ನೊಬ್ಬರು ದಿನವೂ ತಮ್ಮ ಮಾತ್ರೆಯನ್ನು ಮುರಿದು ಅರ್ಧವನ್ನು ಭಾವನಿಗೆ ಕೊಡುತ್ತಿದ್ದರು. ಅವರಿಗೂ ಎದೆಯಲ್ಲಿ ಏನೋ ಆಗುತ್ತದಂತೆ ಎನ್ನುವುದು ಕಾರಣ. ಇದನ್ನೆಲ್ಲ ನೋಡಿದ ಆಸ್ಪತ್ರೆ, ರೋಗಿಗೆ ತನ್ನ ಕಾಯಿಲೆಯ ಬಗ್ಗೆ ಎಷ್ಟು ಗೊತ್ತಿದೆ ಎಂಬುದನ್ನು ಮನೆಗೆ ಕಳಿಸುವ ಮೊದಲೇ ಅಳೆಯಬೇಕೆಂದು ತೀರ್ಮಾನಿಸಿತು. ಇಪ್ಪತ್ತು ಪ್ರಶ್ನೆ. ಒಂದೊಂದಕ್ಕೆ ಅ, ಆ, ಇ, ಈ ಎಂದು ನಾಲ್ಕು ಉತ್ತರ. ಸರಿಯಾದದ್ದಕ್ಕೆ ಟಿಕ್ ಹಾಕಬೇಕು. ಹದಿನಾಲ್ಕು ಬಂದರೆ ಮನೆ. ಬರದಿದ್ದರೆ ಇನ್ನೊಂದು ದಿನ ಇದ್ದು, ಬೆಳಗಿನ ಪಾಠ ಕೇಳಿ, ಮತ್ತೆ ಬರೆಯಬೇಕು.

ಪರೀಕ್ಷೆ ನಡೆಸುವ ಕೆಲಸ ವಾರ್ಡಿನ ಹಿರಿಯ ನರ್ಸ್ ಪಾಲಿಗೆ ಬಂತು. ಅವರನ್ನು ರೋಗಿಗಳು, ಡಾಕ್ಟರು, ನೆಲ ಒರೆಸುವವರು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮೊದಲ ಏಳು ವಾರ ವಾರ್ಡಿನ ಸರಾಸರಿ ಅಂಕ ಹನ್ನೆರಡರ ಆಸುಪಾಸಿನಲ್ಲಿತ್ತು. ಎಂಟನೇ ವಾರ ಅದು ದಿಢೀರನೆ ಹತ್ತೊಂಬತ್ತಕ್ಕೆ ಜಿಗಿಯಿತು. ಬೇರೆಯವರಾಗಿದ್ದರೆ ತಮ್ಮ ಪಾಠ ಕೊನೆಗೂ ತಲೆಗೆ ಹತ್ತಿತು ಎಂದು ಬೀಗುತ್ತಿದ್ದರು. ಸಿಸ್ಟರ್ ಐದೂ ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು.

ಐವರೂ ಕಳೆದುಕೊಂಡಿದ್ದು ಒಂದೇ ಅಂಕ. ಐವರೂ ತಪ್ಪಿದ್ದು ಹದಿಮೂರನೇ ಪ್ರಶ್ನೆಯಲ್ಲಿ. ಐವರೂ ಅಲ್ಲಿ ಟಿಕ್ ಹಾಕಿದ್ದು ‘ಇ’ಗೆ.

ಸಿಸ್ಟರ್ ಐದನೇ ಹಾಸಿಗೆಯ ಹತ್ತಿರ ಹೋದರು. ಅಲ್ಲಿದ್ದವರು ಡ್ರೈವಿಂಗ್ ಸ್ಕೂಲ್ ನಡೆಸುವ ಮೇಷ್ಟ್ರು. ಸೋಮವಾರವೇ ಪರೀಕ್ಷೆ ಬರೆದು ಮುಗಿಸಿದ್ದರೂ ಜ್ವರ ಬಂದ ಕಾರಣ ಮನೆಗೆ ಹೋಗಿರಲಿಲ್ಲ. ಮೊದಲ ಹತ್ತೊಂಬತ್ತು ಅವರದೇ.

“ಮೇಷ್ಟ್ರೇ, ಹದಿಮೂರನೇದಕ್ಕೆ ಏನ್ ಉತ್ತರ?”

“ಇ,” ಎಂದರು ಮೇಷ್ಟ್ರು, ಕಿತ್ತಳೆ ಸುಲಿಯುವುದನ್ನು ನಿಲ್ಲಿಸದೆ.

“ಪ್ರಶ್ನೆ ಏನು?”

ಮೇಷ್ಟ್ರ ಕೈ ನಿಂತಿತು. “ಪ್ರಶ್ನೆ... ಅದೇ, ಹೃದಯದ್ದು.”

“ಇಪ್ಪತ್ತೂ ಹೃದಯದ್ದೇ.”

ಗುಟ್ಟು ರಟ್ಟಾಯಿತೆಂದು ಗೊತ್ತಾದ ಮೇಲೆ ಮೇಷ್ಟ್ರು ನಾಚಲಿಲ್ಲ. ನೆಟ್ಟಗೆ ಕೂತು ತಮ್ಮ ವಿದ್ಯೆಯನ್ನು ಬಿಡಿಸಿ ಹೇಳಿದರು. “ಸಿಸ್ಟರ್, ಲೈಸೆನ್ಸ್ ಪರೀಕ್ಷೆಗೆ ಜನರನ್ನ ತಯಾರು ಮಾಡ್ತಾ ಮೂವತ್ತೊಂದು ವರ್ಷ ಆಯ್ತು. ನಾಲ್ಕು ಉತ್ತರದಲ್ಲಿ ಎಲ್ಲಕ್ಕಿಂತ ಉದ್ದ ಇರೋದೇ ಸರಿ ಉತ್ತರ. ‘ಯಾವಾಗಲೂ’, ‘ಎಂದಿಗೂ’ ಅಂತ ಇದ್ರೆ ತಪ್ಪು. ‘ವೈದ್ಯರ ಸಲಹೆಯಂತೆ’ ಅಂತ ಇದ್ರೆ ಕಣ್ಣು ಮುಚ್ಚಿ ಟಿಕ್ ಹಾಕಬಹುದು. ನಮ್ಮಲ್ಲಿ ಅದೇ ಜಾಗದಲ್ಲಿ ‘ನಿಧಾನವಾಗಿ’ ಅಂತಿರುತ್ತೆ. ಎಡ ಯಾವುದು ಬಲ ಯಾವುದು ಗೊತ್ತಿಲ್ಲದವರನ್ನೂ ಪಾಸ್ ಮಾಡ್ಸಿದೀನಿ.”

“ಅವರೆಲ್ಲ ಈಗ ಗಾಡಿ ಓಡಿಸ್ತಿದಾರಾ?”

“ಓಡಿಸ್ತಿದಾರೆ. ಅದಕ್ಕೇ ನಾನು ಫುಟ್‌ಪಾತ್ ಬಿಟ್ಟು ಇಳಿಯೋದೇ ಇಲ್ಲ.”

ಪಕ್ಕದ ಆರನೇ ಹಾಸಿಗೆಯಿಂದ ನಗು ಕೇಳಿಸಿತು. ಸಿಸ್ಟರ್ ಆ ಕಡೆ ತಿರುಗಲಿಲ್ಲ.

“ನಿಮ್ಮ ಹದಿಮೂರನೇ ಉತ್ತರ ತಪ್ಪು ಮೇಷ್ಟ್ರೇ. ಪ್ರಶ್ನೆ ಇದು: ಸ್ಟೆಂಟ್ ಹಾಕಿದ ಮೇಲೆ ಹೃದಯದ ಕಾಯಿಲೆ ಪೂರ್ತಿ ವಾಸಿಯಾಗುತ್ತದೆಯೇ? ನೀವು ಟಿಕ್ ಹಾಕಿದ್ದು: ಹೌದು, ವೈದ್ಯರ ಸಲಹೆಯಂತೆ ಮೂರು ತಿಂಗಳು ವಿಶ್ರಾಂತಿ ಪಡೆದರೆ ಪೂರ್ತಿ ವಾಸಿಯಾಗುತ್ತದೆ. ಸರಿ ಉತ್ತರ ‘ಇಲ್ಲ’.”

“ಬರೀ ಇಲ್ಲ?”

“ಬರೀ ಇಲ್ಲ. ಮುಚ್ಚಿಹೋಗಿದ್ದ ರಕ್ತನಾಳವನ್ನ ತೆರೆದಿದಾರೆ, ಅಷ್ಟೇ. ಕಾಯಿಲೆ ಅಲ್ಲೇ ಇರುತ್ತೆ. ಅದನ್ನ ಹದ್ದುಬಸ್ತಿನಲ್ಲಿಡೋದು ಮಾತ್ರೆ.”

ಮೇಷ್ಟ್ರು ಕಿತ್ತಳೆಯನ್ನು ತಟ್ಟೆಗೆ ಹಾಕಿದರು. ಆಮೇಲೆ, “ಇದು ಮೋಸ ಸಿಸ್ಟರ್. ಒಂದೇ ಪದದ ಉತ್ತರ ಸರಿ ಇರೋ ಪರೀಕ್ಷೆ ನಾನು ಎಲ್ಲೂ ನೋಡಿಲ್ಲ,” ಎಂದರು.

ಹತ್ತೊಂಬತ್ತು ಪಡೆದ ಐವರಲ್ಲಿ ಮೂವರು ಮೇಷ್ಟ್ರ ಬಳಿ ಪಾಠ ಹೇಳಿಸಿಕೊಂಡು ಆಗಲೇ ಮನೆ ಸೇರಿದ್ದರು. ಅವರಿಗೆಲ್ಲ ಫೋನ್ ಮಾಡಬೇಕೆಂದು ಸಿಸ್ಟರ್ ಚೀಟಿಯಲ್ಲಿ ಬರೆದುಕೊಂಡರು. ಉಳಿದವರು ಮೇಷ್ಟ್ರು ಮತ್ತು ಆರನೇ ಹಾಸಿಗೆಯವರು. ಆರನೇ ಹಾಸಿಗೆಯವರು ಐವತ್ತಾರು ವರ್ಷದ ಲಿಫ್ಟ್ ಮೆಕ್ಯಾನಿಕ್. ಆಗಲೇ ಆಸ್ಪತ್ರೆಯ ಬಟ್ಟೆ ಬಿಚ್ಚಿ, ತಮ್ಮ ಶರಟು ಪ್ಯಾಂಟು ಹಾಕಿಕೊಂಡು, ಚೀಲ ಕಟ್ಟಿಕೊಂಡು ಕೂತಿದ್ದರು. ನಾಲ್ಕು ಗಂಟೆಗೆ ಅವರು ಮನೆಗೆ ಹೊರಡುವುದಿತ್ತು.

ಸಿಸ್ಟರ್ ವಾರ್ಡಿನಿಂದ ಹೊರಗೆ ಬರುತ್ತಿದ್ದಂತೆ ಮೆಕ್ಯಾನಿಕ್‌ನ ಹೆಂಡತಿ ಅಡ್ಡ ಬಂದರು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸು. ಮೆಲುದನಿಯಲ್ಲಿ ಮಾತಾಡಿ ಅಭ್ಯಾಸ.

“ಸಿಸ್ಟರ್, ಒಂದು ಉಪಕಾರ ಮಾಡಿ. ಇವರನ್ನ ಫೇಲ್ ಮಾಡಿ.”

“ಹತ್ತೊಂಬತ್ತು ತಗೊಂಡಿದಾರಲ್ಲಮ್ಮ.”

“ಅದೇ ನನಗೆ ಭಯ. ಇವರು ಹತ್ತನೇ ತರಗತಿಯಲ್ಲೂ ಇಷ್ಟು ತಗೊಂಡಿಲ್ಲ. ಅವತ್ತು ಏನಾಯ್ತು ಗೊತ್ತಾ? ಬೆಳಿಗ್ಗೆ ಎಂಟೂ ನಲವತ್ತಕ್ಕೆ ಎದೆ ನೋವು. ಅವತ್ತು ನನಗೆ ರಜ, ಮನೇಲೇ ಇದೀನಿ, ಆಚೆ ಕೋಣೇಲಿ ಬಟ್ಟೆ ಮಡಿಸ್ತಿದೀನಿ. ಬಾಯಿ ಬಿಡಲಿಲ್ಲ. ಹನ್ನೊಂದೂಕಾಲಿಗೆ ಮತ್ತೆ. ಆಗಲೂ ಇಲ್ಲ. ಮಧ್ಯಾಹ್ನ ಎರಡೂವರೆಗೆ ಮತ್ತೆ ಬಂತು. ಆಗ ಬಂದು, ‘ಲೇ, ನನಗೇನೋ ಆಗ್ತಿದೆ ಅನ್ಸುತ್ತೆ ಕಣೇ’ ಅಂದ್ರು. ಶರಟು ಹಿಂಡಿದರೆ ನೀರು ಬರೋ ಹಾಗೆ ಬೆವರಿದ್ರು. ಇನ್ನು ಅರ್ಧ ಗಂಟೆ ತಡ ಆಗಿದ್ರೆ ಅಂತ ಡಾಕ್ಟ್ರು ಅಂದ್ರು, ಮುಂದಕ್ಕೆ ಹೇಳಲಿಲ್ಲ.”

“ಎದೆನೋವು ಬಂದ್ರೆ ಏನು ಮಾಡಬೇಕು ಅನ್ನೋದು ಏಳನೇ ಪ್ರಶ್ನೆ. ಅದಕ್ಕೆ ಸರಿಯಾಗೇ ಟಿಕ್ ಹಾಕಿದಾರೆ.”

“ಟಿಕ್ ಹಾಕಿದ್ದು ಕೈ ಸಿಸ್ಟರ್. ನಾನು ದಿನಾ ಆರು ಗಂಟೆಗೆ ಮನೆಗೆ ಬರೋದು. ಅಲ್ಲೀವರೆಗೆ ಇವರೊಬ್ಬರೇ. ಮತ್ತೆ ನೋವು ಬಂದ ಕ್ಷಣ ಇವರು ಫೋನ್ ಎತ್ತುತಾರೋ ಇಲ್ವೋ, ನನಗೆ ಅಷ್ಟು ಗೊತ್ತಾದ್ರೆ ಸಾಕು.”

ಸಿಸ್ಟರ್‌ಗೂ ಗೊತ್ತಾಗಬೇಕಾಗಿದ್ದದ್ದು ಅಷ್ಟೇ. ಅವರು ಡಾಕ್ಟರ ಕೋಣೆಗೆ ಹೋದರು. ಡಾಕ್ಟರು ನಿಂತುಕೊಂಡೇ ಟೀ ಕುಡಿಯುತ್ತಿದ್ದರು. ಕೂತರೆ ಯಾರಾದರೂ ಬಂದು ಎಬ್ಬಿಸುತ್ತಾರೆ ಎನ್ನುವುದು ಅವರ ಅನುಭವ.

“ಆರನೇ ಹಾಸಿಗೆಯವರನ್ನ ಇವತ್ತು ಕಳಿಸೋದು ಬೇಡ ಡಾಕ್ಟ್ರೇ.”

“ಯಾಕೆ, ಹತ್ತೊಂಬತ್ತು ಬಂದಿದೆಯಲ್ಲ?”

“ಅದು ಅವರ ಹತ್ತೊಂಬತ್ತಲ್ಲ. ಐದನೇ ಹಾಸಿಗೆಯವರದ್ದು.”

ಎಲ್ಲ ಕೇಳಿದ ಮೇಲೆ ಡಾಕ್ಟರು ಒಂದು ಸಲ ನಕ್ಕು, ಮತ್ತೆ ಗಂಭೀರರಾದರು. “ಸಿಸ್ಟರ್, ಕೆಳಗೆ ತುರ್ತು ವಿಭಾಗದಲ್ಲಿ ಒಬ್ಬ ಹೆಂಗಸಿದಾರೆ. ನಾಲ್ಕು ಗಂಟೆಗೆ ಅವರಿಗೆ ಆ ಹಾಸಿಗೆ ಬೇಕು. ನಿಮ್ಮ ಹತ್ರ ಒಂದು ಗಂಟೆ ಇದೆ. ಅಷ್ಟರೊಳಗೆ ಅವರ ತಲೆಗೆ ಏನು ತುಂಬಬೇಕೋ ತುಂಬಿ. ಅಂದ ಹಾಗೆ, ಆ ಮನುಷ್ಯ ಅಷ್ಟು ದಡ್ಡರೇನಲ್ಲ. ಮೂರೂ ಸಲ ನೋವು ಬಂದ ಹೊತ್ತನ್ನ ಬರೆದುಕೊಂಡು ಬಂದಿದ್ರು. ಅಂಥ ಶಿಸ್ತಿನ ರೋಗಿ ನನಗೆ ಸಿಕ್ಕಿದ್ದು ಇದೇ ಮೊದಲು. ಬಾಯ್ತುಂಬಾ ಹೊಗಳಿದೆ.”

ಸಿಸ್ಟರ್ ವಾರ್ಡಿಗೆ ಮರಳಿದಾಗ ಮೂರು ಗಂಟೆ. ಅದೇ ಪ್ರಶ್ನೆಗಳನ್ನು ಮತ್ತೆ ಬರೆಸಿದರೆ ಅದೇ ಉತ್ತರ ಬರುತ್ತದೆ. ಕ್ರಮ ಬದಲಿಸಿದರೂ ಉದ್ದದ ಉತ್ತರ ಉದ್ದವಾಗೇ ಇರುತ್ತದೆ. ಕೈಯಲ್ಲಿದ್ದ ಖಾಲಿ ಹಾಳೆಯನ್ನು ತಿರುಗಿಸುತ್ತ ನಿಂತಿದ್ದ ಅವರನ್ನು ನೋಡಿ ಮೇಷ್ಟ್ರೇ ಬಾಯಿ ಹಾಕಿದರು.

“ಸಿಸ್ಟರ್, ತಪ್ಪು ತಿಳ್ಕೊಬೇಡಿ. ಬರೆಯೋ ಪರೀಕ್ಷೆ ಪಾಸಾದ್ರೆ ಲೈಸೆನ್ಸ್ ಕೈಗೆ ಕೊಟ್ಟುಬಿಡಲ್ಲ. ಗಾಡಿ ಓಡಿಸಿ ತೋರಿಸಬೇಕು. ಅಲ್ಲಿ ನನ್ನ ಆಟ ಏನೂ ನಡೆಯಲ್ಲ.”

ಸಿಸ್ಟರ್ ಹಾಳೆಯನ್ನು ಪಕ್ಕಕ್ಕಿಟ್ಟರು. ಕುರ್ಚಿ ಎಳೆದುಕೊಂಡು ಮೆಕ್ಯಾನಿಕ್‌ನ ಎದುರು ಕೂತರು. ಹೆಂಡತಿಯನ್ನೂ ಕರೆದು ಕಿಟಕಿಯ ಬಳಿ ಕೂರಿಸಿದರು.

“ಯಜಮಾನ್ರೇ, ಈಗ ಮಂಗಳವಾರ ಮಧ್ಯಾಹ್ನ ಅಂದ್ಕೊಳ್ಳಿ. ಮನೇಲಿ ನೀವೊಬ್ರೇ. ಪತ್ರಿಕೆ ಓದ್ತಿದೀರಿ. ಎದೆ ಹಿಂಡಿದ ಹಾಗಾಯ್ತು. ಏನ್ ಮಾಡ್ತೀರಿ?”

“ಆ,” ಎಂದರು ಮೆಕ್ಯಾನಿಕ್ ಥಟ್ಟನೆ.

“ಅಕ್ಷರ ಬೇಡ. ಮಾಡಿ ತೋರಿಸಿ.”

ಮೆಕ್ಯಾನಿಕ್ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಛಾವಣಿ ನೋಡಿದರು.

“ಪತ್ರಿಕೆ ಕೆಳಗಿಡ್ತೀನಿ,” ಎಂದರು ಮೆಕ್ಯಾನಿಕ್.

“ಒಳ್ಳೇದು. ಆಮೇಲೆ?”

“ಗಡಿಯಾರ ನೋಡ್ತೀನಿ. ಹೊತ್ತು ಬರ್ಕೊಳ್ತೀನಿ.”

“ಆಮೇಲೆ?”

“ಮತ್ತೆ ಬರುತ್ತಾ ಅಂತ ನೋಡ್ತೀನಿ.”

ಕಿಟಕಿಯ ಬಳಿ ಕೂತಿದ್ದ ಹೆಂಡತಿ ಹಣೆಗೆ ಕೈ ಹಚ್ಚಿದರು. “ಕೇಳಿದ್ರಾ ಸಿಸ್ಟರ್? ಹತ್ತೊಂಬತ್ತು!”

“ನೀನು ಸುಮ್ನಿರೇ. ಡಾಕ್ಟ್ರೇ ಹೊಗಳಿದಾರೆ, ಬರೆದುಕೊಂಡು ಬಂದಿದ್ದು ಒಳ್ಳೇದಾಯ್ತು ಅಂತ.”

“ಬರೆದಿದ್ದನ್ನ ಹೊಗಳಿದ್ರು ರೀ, ಕಾದಿದ್ದನ್ನಲ್ಲ!”

ಸಿಸ್ಟರ್ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. “ಮತ್ತೆ ಬಂತು ಅಂದ್ಕೊಳ್ಳಿ. ಆಗ?”

“ಎರಡನೇ ಸಲ ಅಂತ ಬರ್ಕೊಳ್ತೀನಿ. ಮೂರನೇ ಸಲಾನೂ ಬಂದ್ರೆ ಅದು ನಿಜವಾದ ದೋಷ. ಆಗ ಫೋನ್ ಮಾಡ್ತೀನಿ.”

“ಮೂರೇ ಯಾಕೆ?”

ಮೆಕ್ಯಾನಿಕ್‌ಗೆ ಈ ಪ್ರಶ್ನೆ ಇಷ್ಟವಾಯಿತು. ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. “ನಮ್ಮ ಕೆಲಸದಲ್ಲಿ ಅದು ಕಟ್ಟುನಿಟ್ಟು ಸಿಸ್ಟರ್. ಲಿಫ್ಟ್ ನಿಂತೋಯ್ತು ಅಂತ ಒಬ್ಬ ಫೋನ್ ಮಾಡ್ತಾನೆ. ಹೋಗಿ ನೋಡಿದ್ರೆ ಬಾಗಿಲ ಸಂದಿಯಲ್ಲಿ ಯಾರದೋ ಚಪ್ಪಲಿ. ಏನೋ ಸದ್ದು ಬರುತ್ತೆ ಅಂತಾನೆ. ಹೋದ್ರೆ ಸದ್ದು ಅವನ ಚೀಲದೊಳಗಿನ ಡಬ್ಬಿದು. ಹನ್ನೆರಡು ಮಹಡಿ ಹತ್ತಿ ಹೋಗಿರ್ತೀವಿ, ಲಿಫ್ಟ್ ಕೆಟ್ಟಿದೆ ಅಂದಮೇಲೆ ಮೆಟ್ಟಿಲೇ ತಾನೆ ಗತಿ. ಅದಕ್ಕೆ ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರು ನಿಯಮ ಮಾಡಿದ್ರು. ಒಂದು ಸಲ ಆದ್ರೆ ಜನರ ತಪ್ಪು. ಎರಡು ಸಲ ಆದ್ರೆ ಕಾಕತಾಳೀಯ. ಮೂರು ಸಲ ಆದ್ರೆ ಮಾತ್ರ ಯಂತ್ರದ ತಪ್ಪು, ಆಗ ಹೊರಡು. ಇಪ್ಪತ್ತೊಂಬತ್ತು ವರ್ಷ ಇದನ್ನ ಮೀರಿಲ್ಲ.”

“ಅಂದ್ರೆ ಅವತ್ತು ಎಂಟೂ ನಲವತ್ತರ ನೋವು ಯಾರ ತಪ್ಪು ಅಂದ್ಕೊಂಡ್ರಿ?”

“ತಿಂಡಿದು.”

“ಹನ್ನೊಂದೂಕಾಲಿಂದು?”

“ಅದು... ಗೋಡೆಗೆ ಒರಗಿ ಕೂತಿದ್ದೆ. ಕೂತಿದ್ದು ಸರಿಯಿಲ್ಲ ಅಂದ್ಕೊಂಡೆ.”

ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಇವರು ರೆಡ್ ಸಿಗ್ನಲ್ ಮೂರು ಸಲ ಬಿದ್ದ ಮೇಲೆ ಬ್ರೇಕ್ ಹಾಕೋರು ಸಿಸ್ಟರ್.”

“ನೀವು ಮಾತಾಡಬೇಡಿ. ‘ಆ’ ಅಂತ ಹೇಳ್ಕೊಟ್ಟೋರು ನೀವೇ,” ಎಂದರು ಹೆಂಡತಿ. ಮೇಷ್ಟ್ರ ಕಣ್ಣು ಮತ್ತೆ ಛಾವಣಿಗೆ ಹೋಯಿತು.

ಸಿಸ್ಟರ್‌ಗೆ ಸಿಟ್ಟು ಬರಲಿಲ್ಲ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ತಲೆಯೊಳಗೆ ಏನಿದೆ ಎಂಬುದು ಅವರಿಗೆ ಸರಿಯಾಗಿ ಕಂಡಿತ್ತು. ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು.

“ಸರಿ. ಈ ಮೂರರ ನಿಯಮ ಎಲ್ಲ ಕಂಪ್ಲೇಂಟಿಗೂ ಇದೆಯಾ? ಮೊದಲನೇ ಫೋನಿಗೇ ಎದ್ದು ಓಡೋ ಅಂಥದ್ದು ಒಂದೂ ಇಲ್ವಾ?”

ಮೆಕ್ಯಾನಿಕ್ ಯೋಚಿಸಬೇಕಾಗಲಿಲ್ಲ. “ಒಂದಿದೆ. ಬಾಗಿಲು ತೆರೆದಿರೋವಾಗಲೇ ಲಿಫ್ಟ್ ಸರೀತು ಅಂತ ಯಾರಾದ್ರೂ ಹೇಳಿದ್ರೆ ಊಟದ ತಟ್ಟೆ ಬಿಟ್ಟು ಎದ್ದೇಳ್ಬೇಕು. ಮೊದಲು ಕರೆಂಟು ತೆಗೆಸ್ಬೇಕು, ಆಮೇಲೆ ಮಾತು.”

“ಮಗು ಆಟಕ್ಕೆ ಫೋನ್ ಮಾಡಿದ್ರೆ?”

“ಮಗು ಮಾಡಿದ್ರೂ ಸರಿ.”

“ಅಲ್ಲಿ ಮೂರು ಸಲ ಯಾಕೆ ಕಾಯಲ್ಲ?”

“ಏನ್ ಸಿಸ್ಟರ್ ಹಿಂಗ್ ಕೇಳ್ತೀರಿ? ಒಂದು ಕಾಲು ಒಳಗಿಟ್ಟು ಒಂದು ಕಾಲು ಹೊರಗಿರೋವಾಗ ಲಿಫ್ಟ್ ಸರಿದ್ರೆ, ಮೂರನೇ ಸಲ ಫೋನ್ ಮಾಡೋಕೆ ಅವನು...”

ಮೆಕ್ಯಾನಿಕ್ ಮಡಿಸಿದ್ದ ಕಾಲನ್ನು ಕೆಳಗಿಳಿಸಿದರು.

“ಇದು ಆ ಜಾತಿಗೆ ಸೇರಿದ್ದಾ?” ಎಂದರು ಮೆಕ್ಯಾನಿಕ್, ಎದೆಯ ಮೇಲೆ ಬೆರಳಿಟ್ಟು.

“ಅದೇ ಜಾತಿ.”

ಇಷ್ಟಕ್ಕೇ ಎಲ್ಲ ಮುಗಿದಿದ್ದರೆ ಸಿಸ್ಟರ್ ನಂಬುತ್ತಿರಲಿಲ್ಲ. ಮುಗಿಯಲಿಲ್ಲ. ಮೆಕ್ಯಾನಿಕ್ ಸ್ವಲ್ಪ ಹೊತ್ತು ಚೀಲದ ಜಿಪ್ ಎಳೆದು ಬಿಟ್ಟು ಮಾಡಿದರು. ಆಮೇಲೆ ಹೆಂಡತಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು. ಹೆಂಡತಿ ಎರಡು ಮಾರು ದೂರದಲ್ಲಿದ್ದರು.

“ಸಿಸ್ಟರ್, ಫೋನ್ ಮಾಡ್ತೀನಿ ಅಂತಿಟ್ಕೊಳ್ಳಿ. ಆಂಬುಲೆನ್ಸ್ ಕೂಗ್ತಾ ಬರುತ್ತೆ. ಇಡೀ ಕಟ್ಟಡ ಬಾಲ್ಕನಿಗೆ ಬಂದು ನಿಲ್ಲುತ್ತೆ. ಇಲ್ಲಿ ಕರ್ಕೊಂಡು ಬಂದು ನೋಡಿದ್ರೆ ಬರೀ ಗ್ಯಾಸು. ನನ್ನ ಮರ್ಯಾದೆ ಏನಾಗ್ಬೇಕು? ಸುಳ್ಳು ಕಂಪ್ಲೇಂಟ್ ಕೊಟ್ಟೋರನ್ನ ನಾನೇ ಎಷ್ಟು ಆಡ್ಕೊಂಡಿಲ್ಲ! ಒಬ್ಬರಿಗೆ ಚಪ್ಪಲಿ ಎತ್ತಿ ಕೈಗೇ ಕೊಟ್ಟು, ‘ತಗೊಳ್ಳಿ, ನಿಮ್ಮ ದೋಷ’ ಅಂದಿದೀನಿ.”

ಅಂದರೆ ಇದು ತಿಳಿವಳಿಕೆಯ ಕೊರತೆಯಲ್ಲ, ನಾಚಿಕೆ. ಇಪ್ಪತ್ತು ಪ್ರಶ್ನೆಗಳಲ್ಲಿ ನಾಚಿಕೆಯ ಬಗ್ಗೆ ಒಂದೂ ಇರಲಿಲ್ಲ.

“ಬಾಗಿಲು ತೆರೆದಿರೋವಾಗ ಲಿಫ್ಟ್ ಸರೀತು ಅಂತ ಬಂದ ಫೋನುಗಳಲ್ಲಿ ಎಷ್ಟು ನಿಜ ಆಗಿತ್ತು?” ಎಂದು ಸಿಸ್ಟರ್ ಕೇಳಿದರು.

“ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ನಲವತ್ತು ಫೋನು ಬಂದಿರಬಹುದು. ನಿಜ ಅಂದ್ರೆ ಎರಡು.”

“ಉಳಿದ ಮೂವತ್ತೆಂಟು ಜನಕ್ಕೆ ಏನ್ ಹೇಳಿದ್ರಿ? ಆಡ್ಕೊಂಡ್ರಾ?”

“ಛೇ, ಅದಕ್ಕೆ ಯಾರಾದ್ರೂ ಆಡ್ಕೊಳ್ತಾರಾ? ಹೇಳಿದ್ದು ಒಳ್ಳೇದಾಯ್ತು ಅಂದೆ.”

“ನಾವೂ ಅದನ್ನೇ ಹೇಳ್ತೀವಿ. ಗ್ಯಾಸೋ ಹೃದಯವೋ ಅಂತ ತೀರ್ಮಾನ ಮಾಡೋದು ನಿಮ್ಮ ಕೆಲಸ ಅಲ್ಲ, ನಮ್ಮದು. ಅದಕ್ಕೆ ಇಸಿಜಿ ಮೆಷಿನ್ನು, ರಕ್ತ ಪರೀಕ್ಷೆ ಎಲ್ಲ ಬೇಕು. ನಮಗೇ ಬರೀ ಮುಖ ನೋಡಿ ಗೊತ್ತಾಗಲ್ಲ. ನಿಮಗೆ ಗೋಡೆಗೆ ಒರಗಿ ಕೂತು ಗೊತ್ತಾಗುತ್ತಾ?”

“ಆಗಲ್ಲ,” ಎಂದರು ಮೆಕ್ಯಾನಿಕ್.

“ಹಾಗಾದ್ರೆ ಮತ್ತೆ ಶುರು ಮಾಡೋಣ. ಮಂಗಳವಾರ ಮಧ್ಯಾಹ್ನ. ಪತ್ರಿಕೆ ಓದ್ತಿದೀರಿ.”

ಎರಡನೇ ಬಾರಿ ಅವರು ಪತ್ರಿಕೆ ಕೆಳಗಿಟ್ಟು, ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ನೀರಿನೊಂದಿಗೆ ನುಂಗಿದರು. ಸಿಸ್ಟರ್ ತಿದ್ದಿದರು. ಮೂರನೇ ಬಾರಿ ಮಾತ್ರೆ ಸರಿಯಾಯಿತು, ಆದರೆ ಆಂಬುಲೆನ್ಸ್ ಬಿಟ್ಟು ಹೆಂಡತಿಗೆ ಮೊದಲು ಫೋನ್ ಮಾಡಿದರು. “ನನಗೆ ಮಾಡಿದ್ರೆ ನಾನೇನ್ ಮಾಡ್ಲಿ ರೀ? ಪುಸ್ತಕ ಹಾಕ್ಲಾ ಎದೆ ಮೇಲೆ?” ಎಂದು ಹೆಂಡತಿಯೇ ತಿದ್ದಿದರು. ನಾಲ್ಕನೇ ಬಾರಿ ಅವರು ಕೂತರು, ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟರು, ಐದು ನಿಮಿಷ ನೋಡಿದರು, ನೋವು ಹೋಗಲಿಲ್ಲ ಎಂದರು, ಆಂಬುಲೆನ್ಸ್‌ಗೆ ಫೋನ್ ಮಾಡಿದರು, ಮನೆಯ ಬಾಗಿಲಿನ ಚಿಲಕ ತೆಗೆದಿಟ್ಟು ಬಂದು ಮತ್ತೆ ಕೂತರು. ಚಿಲಕದ ವಿಷಯವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. “ಬಾಗಿಲು ಒಡೆಯೋಕೆ ಹೋದ್ರೆ ಹತ್ತು ನಿಮಿಷ ಹಾಳು,” ಎಂದರು.

“ಈಗ ಪಾಸ್,” ಎಂದರು ಮೇಷ್ಟ್ರು.

“ನಿಮ್ಮದು ಬಾಕಿ ಇದೆ ಮೇಷ್ಟ್ರೇ,” ಎಂದರು ಸಿಸ್ಟರ್. “ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ಟಿಕ್ ಇಲ್ಲ, ಬಾಯಿಮಾತಲ್ಲಿ.”

ಮೇಷ್ಟ್ರ ಮುಖ ಹುಳ್ಳಗಾಯಿತು. “ನನಗೆ ಜ್ವರ ಇದೆ,” ಎಂದು ಹೊದಿಕೆ ಎಳೆದುಕೊಂಡರು.

ಸಿಸ್ಟರ್ ಮೆಕ್ಯಾನಿಕ್‌ನ ಉತ್ತರ ಪತ್ರಿಕೆ ತೆಗೆದುಕೊಂಡು ಹತ್ತೊಂಬತ್ತನ್ನು ಹೊಡೆದು ಹಾಕಿದರು. ಅದರ ಪಕ್ಕದಲ್ಲಿ ಅಂಕ ಬರೆಯಲಿಲ್ಲ. ‘ಮಾಡಿ ತೋರಿಸಿದ್ದಾರೆ, ನಾಲ್ಕನೇ ಸಲಕ್ಕೆ’ ಎಂದು ಬರೆದು ಸಹಿ ಹಾಕಿದರು. ಕಾಗದಪತ್ರ ನೋಡುವ ಗುಮಾಸ್ತರು ಇದನ್ನು ಯಾವ ಕಾಲಮ್ಮಿಗೆ ಸೇರಿಸಲಿ ಎಂದು ಫೋನ್ ಮಾಡಿ ಕೇಳಿದರು. ಹೊಸ ಕಾಲಮ್ಮು ಮಾಡಿ ಎಂದರು ಸಿಸ್ಟರ್. ನಾಲ್ಕಕ್ಕೆ ಐದು ನಿಮಿಷವಿರುವಾಗ ಗಂಡ ಹೆಂಡತಿ ವಾರ್ಡ್ ಬಿಟ್ಟರು. ನಾಲ್ಕು ಗಂಟೆಗೆ ಕೆಳಗಿನ ಹೆಂಗಸನ್ನು ಆರನೇ ಹಾಸಿಗೆಗೆ ತಂದು ಮಲಗಿಸಿದರು.

ಹನ್ನೆರಡು ದಿನಗಳ ನಂತರ, ಮಂಗಳವಾರ ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಮೆಕ್ಯಾನಿಕ್‌ಗೆ ಮನೆಯಲ್ಲಿ ಎದೆ ನೋವು ಬಂತು. ಹೆಂಡತಿ ಗ್ರಂಥಾಲಯದಲ್ಲಿದ್ದರು. ನಾಲ್ಕು ಹದಿನೇಳಕ್ಕೆ ಮೆಕ್ಯಾನಿಕ್ ಆಂಬುಲೆನ್ಸ್‌ಗೆ ಫೋನ್ ಮಾಡಿದರು. ನಾಲ್ಕು ಮೂವತ್ತೊಂದಕ್ಕೆ ಅದು ಬಂತು. ಕಟ್ಟಡದವರೆಲ್ಲ ಬಾಲ್ಕನಿಗೆ ಬಂದು ನಿಂತರು. ತುರ್ತು ವಿಭಾಗದಲ್ಲಿ ಎರಡು ಇಸಿಜಿ ತೆಗೆದರು, ಮೂರು ಗಂಟೆಯ ಅಂತರದಲ್ಲಿ ಎರಡು ಸಲ ರಕ್ತ ಪರೀಕ್ಷೆ ಮಾಡಿದರು. ಎಲ್ಲವೂ ಸರಿಯಿದ್ದವು. ಡಾಕ್ಟರು ಚೀಟಿಯಲ್ಲಿ ಗ್ಯಾಸ್ಟ್ರಿಕ್ ಎಂದು ಬರೆದರು. ಎಂಟೂವರೆಗೆ ಮೆಕ್ಯಾನಿಕ್ ಹೆಂಡತಿಯ ಜೊತೆ ಮನೆಗೆ ಹೋದರು.